ಕಾಫಿಗೆ ಏನು ಕಾಯಿಲೆ? ‘ಕ್ಯೂರ್’ ಎಂಬ ಒಂದು ಪದವನ್ನು ಪೂರ್ತಿ ಕಲಿಯುವ ಬಗೆ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಹೋದರೆ ಕಾಫಿ ಕ್ಯೂರಿಂಗ್ ವರ್ಕ್ಸ್ ಅನ್ನುವ ಬೋರ್ಡುಗಳು ಕಾಣುತ್ತವೆ. ಹೋದ ವರ್ಷ ಅಕ್ಕನ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಆ ದಾರಿಯಲ್ಲಿ ಬರುತ್ತಿದ್ದೆ. ಅವಳು ಆಗ ಎಂಟನೇ ಕ್ಲಾಸು. ‘ಕ್ಯೂರ್ ಅಂದರೆ ಕಾಯಿಲೆ ವಾಸಿ ಮಾಡು’ ಅಂತ ಹಿಂದಿನ ವಾರವಷ್ಟೇ ನೋಟ್ಸ್ ಬರೆದುಕೊಂಡಿದ್ದಳು. ಬೋರ್ಡು ಓದಿದವಳೇ ಹಿಂದಿನಿಂದ ಕೂಗಿ ಕೇಳಿದಳು, “ಮಾಮ, ಕಾಫಿಗೆ ಏನು ಕಾಯಿಲೆ?”

ನಕ್ಕುಬಿಟ್ಟೆ. ಆದರೆ ಉತ್ತರ ಬಾಯಿಗೆ ಬರಲಿಲ್ಲ. ವರ್ಷವರ್ಷವೂ ತೋಟದ ಕಾಫಿ ಮೂಟೆ ಅಲ್ಲಿಗೆ ಕಳಿಸುತ್ತೇವೆ, ದಿನಕ್ಕೆ ಹತ್ತು ಸಲ ಕ್ಯೂರಿಂಗ್ ಅನ್ನುತ್ತೇವೆ. ಅದಕ್ಕೆ ಆ ಹೆಸರು ಯಾಕೆ ಬಂತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಆ ರಾತ್ರಿ ಇಬ್ಬರೂ ಕೂತು ಆ ಒಂದು ಪದವನ್ನು ಬಿಡಿಸಿದೆವು. ಹೇಗೆ ಬಿಡಿಸಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪದ ಕಲಿಯಬೇಕು ಅನ್ನುವವರು ಇದೇ ದಾರಿಯಲ್ಲಿ ಬೇರೆ ಪದವನ್ನೂ ಹಿಡಿಯಬಹುದು. ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡುವ ಪುಸ್ತಕಗಳ ಮೇಲೆ ನನಗೆ ನಂಬಿಕೆ ಕಡಿಮೆ. ವಾರಕ್ಕೆ ಎರಡು ಪದ ಸಾಕು, ಆದರೆ ಆ ಎರಡು ನಿಮ್ಮ ಕೈಗೆ ಪೂರ್ತಿ ಬರಬೇಕು.

ಮೊದಲು ಡಿಕ್ಷನರಿ ಮುಚ್ಚಿಡಿ

ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಆ ಪದವನ್ನು ಈವರೆಗೆ ಎಲ್ಲೆಲ್ಲಿ ಕೇಳಿದ್ದೀರಿ, ಎಲ್ಲಿ ಓದಿದ್ದೀರಿ ಅಂತ ಬರೆಯಿರಿ. ಅರ್ಥ ಬರೆಯಬೇಡಿ. ಯಾವ ವಸ್ತುವಿನ ಜೊತೆ ಸಿಕ್ಕಿತು ಅನ್ನುವುದಷ್ಟೇ ಬೇಕು.

ನಮ್ಮ ಪಟ್ಟಿ ಹೀಗಿತ್ತು. ಕಾಫಿ. ಆಸ್ಪತ್ರೆ. ಮನೆ ಕಟ್ಟುವಾಗ ಮೇಸ್ತ್ರಿ ದಿನಾ ಕೇಳುತ್ತಿದ್ದ ‘ಕ್ಯೂರಿಂಗ್ ಮಾಡಿದ್ರಾ ಸಾರ್?’. ಏಲಕ್ಕಿ ಒಣಗಿಸುವ ಮನೆ. ಕೊಪ್ಪ ದಾಟಿ ಪಿರಿಯಾಪಟ್ಟಣದ ಕಡೆ ಹೋದರೆ ಸಿಗುವ ಹೊಗೆಸೊಪ್ಪಿನ ಬ್ಯಾರನ್, ಅಂದರೆ ಸೊಪ್ಪನ್ನು ಬಿಸಿಗೆ ಹಾಕುವ ಮನೆ. ಅಕ್ಕ ಅಡುಗೆಮನೆಯಿಂದಲೇ ಒಂದು ಸೇರಿಸಿದಳು: ಹಲ್ಲಿನ ಡಾಕ್ಟರು ಹುಳುಕಿಗೆ ಬಿಳಿ ಪೇಸ್ಟ್ ತುಂಬಿ ನೀಲಿ ಲೈಟ್ ಹಿಡಿಯುತ್ತಾರಲ್ಲ, ಅದಕ್ಕೂ ಕ್ಯೂರ್ ಅಂತಲೇ ಹೇಳಿದ್ದರಂತೆ. ಎರಡು ಟ್ಯೂಬಿನ ಅಂಟು ಬರುತ್ತಲ್ಲ, ಅದರ ಪ್ಯಾಕೆಟ್ಟಿನ ಮೇಲೂ ಇತ್ತು.

ಕಾಫಿ, ಕಾಂಕ್ರೀಟು, ಹಲ್ಲು, ಅಂಟು. ಇವಕ್ಕೂ ಕಾಯಿಲೆಗೂ ಏನು ಸಂಬಂಧ? ಈ ಗೊಂದಲ ಹುಟ್ಟಬೇಕು. ಗೊಂದಲವೇ ಇಲ್ಲದೆ ಡಿಕ್ಷನರಿ ತೆರೆದರೆ ಮೊದಲ ಸಾಲಿನ ಅರ್ಥ ಓದಿ ಮುಚ್ಚಿಬಿಡುತ್ತೇವೆ, ಅಲ್ವಾ?

ಬಾಯಿಗೆ ಬರಲಿ, ಕೈಗೆ ಬರಲಿ

ಇದು ಎರಡು ನಿಮಿಷದ ಕೆಲಸ. ಉಚ್ಚಾರ ‘ಕ್ಯೂರ್’. ಭೂತಕಾಲಕ್ಕೆ ಬಂದಾಗ ‘ಕ್ಯೂರ್ಡ್’, ಒಂದೇ ಉಸಿರಿನಲ್ಲಿ. ‘ಕ್ಯೂರೆಡ್’ ಅಂತ ಎಳೆಯಬೇಡಿ. ಬರೆಯುವಾಗ ಸಿ-ಯು-ಆರ್-ಇ, ಕೊನೆಗೆ ಡಿ. ನಡುವಿನ ಇ ಬಿಟ್ಟರೆ ಅದು ‘ಕರ್ಡ್’, ಅಂದರೆ ಮೊಸರು. ನಮ್ಮ ಹುಡುಗಿ ಮೊದಲ ವಾಕ್ಯದಲ್ಲೇ ‘ಡಾಕ್ಟರು ರೋಗಿಯನ್ನು ಮೊಸರು ಮಾಡಿದರು’ ಅಂತ ಬರೆದಿದ್ದಳು.

ಈಗ ಅರ್ಥ, ಆದರೆ ಒಂದೇ ಅರ್ಥ ಅಲ್ಲ

ಇಂಗ್ಲಿಷ್-ಕನ್ನಡ ನಿಘಂಟು ತೆಗೆಯಿರಿ. ಜೊತೆಗೆ ವಿದ್ಯಾರ್ಥಿಗಳಿಗೆ ಅಂತ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ಒಂದಿರಲಿ, ಮೊಬೈಲಿನಲ್ಲಿದ್ದರೂ ಸಾಕು. ಮೊದಲನೆಯದು ಕನ್ನಡದಲ್ಲಿ ಏನನ್ನಬಹುದು ಅಂತ ಹೇಳುತ್ತದೆ. ಎರಡನೆಯದು ವಾಕ್ಯದಲ್ಲಿ ಹೇಗೆ ಕೂರುತ್ತದೆ ಅಂತ ತೋರಿಸುತ್ತದೆ. ಆಮೇಲೆ ನಿಮ್ಮ ಪಟ್ಟಿಯ ಒಂದೊಂದು ವಸ್ತುವನ್ನೂ ತೆಗೆದುಕೊಂಡು ಕೇಳಿ: ಇಲ್ಲಿ ನಿಜಕ್ಕೂ ನಡೆಯುವ ಕೆಲಸ ಏನು?

ಕಾಫಿಯಿಂದ ಶುರು ಮಾಡೋಣ. ಹಣ್ಣನ್ನು ಪಲ್ಪರ್‌ಗೆ ಹಾಕಿ, ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಕಣದಲ್ಲಿ ಹರಡಿ ಒಣಗಿಸಿದರೆ ಚೆರಿ. ತೋಟದವರ ಕೆಲಸ ಹೆಚ್ಚಾಗಿ ಅಲ್ಲಿಗೆ ಮುಗಿಯುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದರ ಕಲ್ಲು, ಕಡ್ಡಿ, ಧೂಳು ತೆಗೆಯುತ್ತಾರೆ. ತೇವ ನೋಡುತ್ತಾರೆ. ಯಂತ್ರದಲ್ಲಿ ಹೊಟ್ಟು ಬಿಡಿಸುತ್ತಾರೆ. ಜರಡಿಗೆ ಹಾಕಿ ಗಾತ್ರದ ಪ್ರಕಾರ ಎ, ಬಿ, ಸಿ ಅಂತ ಬೇರೆ ಮಾಡುತ್ತಾರೆ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾಗಿದ್ದರೆ ಅದು ಪಿಬಿ, ಅಂದರೆ ಪೀಬೆರಿ. ಕಪ್ಪು ಬೀಜ, ಒಡಕಲು ಬೀಜ ಆಯ್ದು ಹಾಕುತ್ತಾರೆ. ಇಷ್ಟೆಲ್ಲ ಆದಮೇಲೆ ಉಳಿಯುವುದು ಹುರಿಯಲು ತಯಾರಾದ ಹಸಿರು ಬೀಜ. ಇದರಲ್ಲಿ ಕಾಯಿಲೆ ಎಲ್ಲಿಯೂ ಇಲ್ಲ.

ಏಲಕ್ಕಿ, ಹೊಗೆಸೊಪ್ಪು ಎರಡಕ್ಕೂ ಬಿಸಿ ಬೇಕು. ಹಸಿ ಏಲಕ್ಕಿಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ. ಅದು 10-12ಕ್ಕೆ ಇಳಿಯಬೇಕು, ಹಸಿರು ಬಣ್ಣ ಮಾತ್ರ ಹೋಗಬಾರದು. ಹೊಗೆಸೊಪ್ಪಿಗೆ ಬೆಳೆಗಾರರು ‘ಬೇಯಿಸುವುದು’ ಅನ್ನುತ್ತಾರೆ, ಪೇಪರಿನವರು ‘ಹದಗೊಳಿಸುವುದು’ ಅಂತ ಬರೆಯುತ್ತಾರೆ. ಉಪ್ಪು ಹಾಕಿ ಒಣಗಿಸಿದ ಮೀನು, ಒಲೆಯ ಮೇಲೆ ಹೊಗೆಗೆ ನೇತುಹಾಕಿದ ಮಾಂಸ, ಇವನ್ನೂ ಇಂಗ್ಲಿಷಿನಲ್ಲಿ ‘ಕ್ಯೂರ್ಡ್’ ಅನ್ನುತ್ತಾರೆ. ಅಷ್ಟು ಹೊತ್ತಿಗೆ ನಮ್ಮ ಹುಡುಗಿ ತೀರ್ಮಾನಕ್ಕೆ ಬಂದಳು. “ಗೊತ್ತಾಯ್ತು ಮಾಮ. ಕ್ಯೂರ್ ಅಂದ್ರೆ ಒಣಗಿಸೋದು.”

ಬರೆದುಕೊಳ್ಳಲೂ ಹೊರಟಳು. ಆಗ ಕಾಂಕ್ರೀಟ್ ಅಡ್ಡ ಬಂತು.

ತಾರಸಿ ಹಾಕಿದ ಮರುದಿನದಿಂದ ಮೇಸ್ತ್ರಿ ಏನು ಮಾಡಿಸುತ್ತಾರೆ? ಸುತ್ತ ಗಾರೆಯಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸುತ್ತಾರೆ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಕೂಡಿ. ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಬಲವೂ ಕಡಿಮೆ. ಐಎಸ್ 456 ಅನ್ನುವ ನಮ್ಮ ದೇಶದ ಮಾನದಂಡದಲ್ಲಿ ಸಾಮಾನ್ಯ ಓಪಿಸಿ ಸಿಮೆಂಟಿಗೆ ಕಡಿಮೆ ಅಂದರೂ 7 ದಿನ, ಹಾರುಬೂದಿಯಂಥದ್ದು ಬೆರೆತ ಸಿಮೆಂಟಿಗೆ 10 ದಿನ ಕ್ಯೂರಿಂಗ್ ಬೇಕು ಅಂತಿದೆ. ಅಂದರೆ ಏಲಕ್ಕಿಯನ್ನು ಒಣಗಿಸುವುದೂ ಕ್ಯೂರಿಂಗ್, ಕಾಂಕ್ರೀಟನ್ನು ಒಣಗದಂತೆ ಕಾಯುವುದೂ ಕ್ಯೂರಿಂಗ್! ಒಂದಕ್ಕೊಂದು ಪೂರ್ತಿ ಉಲ್ಟಾ.

ಪದ ಕಲಿಯುವವರಿಗೆ ಇಂಥ ಜಾಗ ಸಿಕ್ಕರೆ ಹಬ್ಬ. ಉಲ್ಟಾ ಇರುವ ಎರಡಕ್ಕೂ ಒಂದೇ ಪದ ಬಂದಿದೆ ಅಂದರೆ ಎರಡಕ್ಕೂ ಅಡಿಯಲ್ಲಿ ಸಮಾನವಾದದ್ದು ಏನೋ ಇರಲೇಬೇಕು. ಅದನ್ನು ಹುಡುಕಲು ಪದದ ಬೇರು ನೋಡಬೇಕು. ಒಳ್ಳೆಯ ಡಿಕ್ಷನರಿಯಲ್ಲಿ ಅರ್ಥಗಳ ಕೊನೆಗೋ ಮೊದಲಿಗೋ ಅದು ಇರುತ್ತದೆ. ‘ಕ್ಯೂರ್’ ಬಂದದ್ದು ಲ್ಯಾಟಿನ್‌ನ ‘ಕೂರಾ’ದಿಂದ. ಕೂರಾ ಅಂದರೆ ಆರೈಕೆ, ಕಾಳಜಿ. ಅಲ್ಲಿಗೆ ಗಂಟು ಬಿಚ್ಚಿತು. ಒಂದು ವಸ್ತು ಸರಿಯಾದ ಸ್ಥಿತಿಗೆ ಬರುವ ತನಕ ಅದನ್ನು ನೋಡಿಕೊಳ್ಳುವುದು ಕ್ಯೂರಿಂಗ್. ಕಾಫಿಗೆ ಬೇಕಾದದ್ದು ಹೊಟ್ಟು ಬಿಡಿಸಿ ಆಯುವ ಕೆಲಸ, ಏಲಕ್ಕಿಗೆ ಬಿಸಿ, ಕಾಂಕ್ರೀಟಿಗೆ ನೀರು, ಹಲ್ಲಿಗೆ ತುಂಬಿದ ಪೇಸ್ಟಿಗೆ ಬೆಳಕು, ಮೀನಿಗೆ ಉಪ್ಪು. ರೋಗಿಗೆ ಔಷಧ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ‘ಹದ’. ಹದ ಮಾಡು, ಹದಕ್ಕೆ ಬಂತು, ಹದ ತಪ್ಪಿತು. ಮಣ್ಣಿಗೂ ಹದ, ಪಾಕಕ್ಕೂ ಹದ, ಚರ್ಮಕ್ಕೂ ಹದ. ಬೋರ್ಡುಗಳಲ್ಲಿ ‘ಕಾಫಿ ಸಂಸ್ಕರಣಾ ಘಟಕ’ ಅಂತ ಬರೆಯುವುದುಂಟು. ತಪ್ಪೇನಿಲ್ಲ. ಆದರೆ ಆ ಪದ ಓದಿ ಯಾರ ಕಣ್ಣಿಗೂ ಕಣ ಕಾಣುವುದಿಲ್ಲ. ‘ಹದ’ ಅಂದರೆ ನಮ್ಮ ಹುಡುಗಿಗೆ ಥಟ್ಟನೆ ಅರ್ಥವಾಯಿತು.

ಆದ್ದರಿಂದ ನೋಟ್ ಪುಸ್ತಕದಲ್ಲಿ ‘ಕ್ಯೂರ್ = ವಾಸಿ ಮಾಡು’ ಅಂತ ಬರೆಯಬೇಡಿ. ಹೀಗೆ ಬರೆಯಿರಿ: ವಸ್ತುವಿಗಾದರೆ ಹದ, ಮನುಷ್ಯನಿಗಾದರೆ ಗುಣ.

ಪದದ ನೆಂಟರಿಷ್ಟರು

ಬೇರು ಸಿಕ್ಕಿದ ಮೇಲೆ ನೆಂಟರನ್ನು ಕರೆಯುವುದು ಸುಲಭ. ಬ್ಯೂಟಿ ಪಾರ್ಲರ್ ಬೋರ್ಡಿನ ಮೇಲಿರುವ ‘ಮ್ಯಾನಿಕ್ಯೂರ್’ ಅಂದರೆ ಕೈಯ ಆರೈಕೆ, ‘ಪೆಡಿಕ್ಯೂರ್’ ಕಾಲಿನದು. ‘ಸೆಕ್ಯೂರ್’ ಅಂದರೆ ಚಿಂತೆ ಇಲ್ಲದ್ದು. ಅಲ್ಲಿನ ‘ಸೆ’ಗೆ ‘ಇಲ್ಲದೆ’ ಅಂತ ಅರ್ಥ. ‘ಅಕ್ಯುರೇಟ್’ ಅಂದರೆ ಕಾಳಜಿಯಿಂದ ಮಾಡಿದ್ದು, ಹಾಗಾಗಿ ಕರಾರುವಾಕ್ಕು. ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಮ್ಮಿಗೆ ಹೋಗಿದ್ದೀರಲ್ಲ, ಅಂಥ ಕಡೆ ಹಳೆಯ ವಸ್ತುಗಳನ್ನು ನೋಡಿಕೊಳ್ಳುವವರು ‘ಕ್ಯುರೇಟರ್’. ‘ಕ್ಯೂರಿಯಸ್’ ಕೂಡ ಇದೇ ಮನೆಯದು. ಸರ್ಕಾರ ಭತ್ತ ಖರೀದಿ ಮಾಡುವಾಗ ಪೇಪರಿನಲ್ಲಿ ಬರುವ ‘ಪ್ರೊಕ್ಯೂರ್‌ಮೆಂಟ್’ ಕೂಡ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ‘ಕೇರ್’ ಅನ್ನುವ ಪದ ನೋಡಲು ‘ಕೂರಾ’ದ ತಮ್ಮನ ಹಾಗಿದೆ, ಅರ್ಥವೂ ಹತ್ತಿರವೇ. ಆದರೂ ಸಂಬಂಧ ಇಲ್ಲ. ಅದು ಇಂಗ್ಲಿಷಿನ ಹಳೆಯ ಸ್ವಂತ ಪದ, ಮೊದಲು ದುಃಖ, ಚಿಂತೆ ಅನ್ನುವ ಅರ್ಥ ಇತ್ತು. ‘ಅಬ್ಸ್ಕ್ಯೂರ್’ ಕೂಡ ಬೇರೆ ಮನೆಯದು. ರೂಪ ನೋಡಿ ನೆಂಟಸ್ತನ ಕಟ್ಟಬೇಡಿ, ಡಿಕ್ಷನರಿಯಲ್ಲಿ ಒಂದು ಸಲ ನೋಡಿಕೊಳ್ಳಿ.

ಕ್ಯೂರಿಂಗ್ ವರ್ಕ್ಸ್‌ನ ಒಳಗೇ ಇನ್ನೊಂದು ಮುತ್ತಿನಂಥ ಪದ ಇದೆ, ಬಿಡಲಾರೆ. ಕೆಟ್ಟ ಬೀಜ ಆಯುವುದಕ್ಕೆ ಅಲ್ಲಿ ‘ಗಾರ್ಬ್ಲಿಂಗ್’ ಅನ್ನುತ್ತಾರೆ. ಕಾಳುಮೆಣಸಿನ ವ್ಯಾಪಾರದಲ್ಲೂ ‘ಗಾರ್ಬಲ್ಡ್’ ಅಂದರೆ ಆಯ್ದು ಚೊಕ್ಕ ಮಾಡಿದ ಮಾಲು. ಅರಬ್ಬಿಯಲ್ಲಿ ಜರಡಿ ಹಿಡಿಯುವುದಕ್ಕೆ ಇದ್ದ ಪದ ಇಟಲಿಯ ಮೂಲಕ ಇಂಗ್ಲಿಷಿಗೆ ಬಂತು. ಈಗ ಹೊರಗಿನ ಇಂಗ್ಲಿಷಿನಲ್ಲಿ ‘ಗಾರ್ಬಲ್ಡ್’ ಅಂದರೆ ತಲೆಬುಡ ಗೊತ್ತಾಗದಂತೆ ಕಲಸಿಹೋದ ಮಾತು! ನಮ್ಮ ಗೋಡೌನುಗಳಲ್ಲಿ ಮಾತ್ರ ಹಳೆಯ ಅರ್ಥ ಹಾಗೇ ಉಳಿದಿದೆ. ಮುಂದಿನ ವಾರಕ್ಕೆ ಇದನ್ನೇ ತೆಗೆದುಕೊಳ್ಳಬಹುದು.

ಅಕ್ಕಪಕ್ಕದ ಪದಗಳಿಂದ ಬೇರೆ ಮಾಡಿ

ಜಾಸ್ತಿ ತಪ್ಪಾಗುವುದು ಇಲ್ಲಿ. ನನ್ನದೇ ಕತೆ ಕೇಳಿ. ಕೆಲಸಕ್ಕೆ ಸೇರಿದ ಹೊಸತು. ಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ವಾಪಸ್ ಬಂದು ರಜಾ ಅರ್ಜಿಯಲ್ಲಿ ‘ಐ ವಾಸ್ ಕ್ಯೂರ್ಡ್ ಇನ್ ದ ಹಾಸ್ಪಿಟಲ್ ಫಾರ್ ಫೋರ್ ಡೇಸ್’ ಅಂತ ಬರೆದೆ. ಮೇಲಿನವರು ಓದಿ, ತಲೆ ಎತ್ತಿ ಕೇಳಿದರು, “ನಾಲ್ಕು ದಿನ ಗುಣ ಆಗಿತ್ತು, ಆಮೇಲೆ ಮತ್ತೆ ಬಂತೇನ್ರೀ?”

ನಾನು ಬರೆಯಬೇಕಿದ್ದದ್ದು ‘ಟ್ರೀಟೆಡ್’. ‘ಟ್ರೀಟ್’ ಅಂದರೆ ಚಿಕಿತ್ಸೆ ಕೊಡುವುದು. ಅದು ದಿನಗಟ್ಟಲೆ ನಡೆಯುವ ಕೆಲಸ, ಫಲ ಸಿಗಬಹುದು, ಸಿಗದೆಯೂ ಇರಬಹುದು. ‘ಕ್ಯೂರ್’ ಅಂದರೆ ಕಾಯಿಲೆ ಹೋಗೇ ಹೋಯಿತು ಅಂತ. ‘ದ ಡಾಕ್ಟರ್ ಟ್ರೀಟೆಡ್ ಹಿಮ್ ಬಟ್ ಕುಡ್ ನಾಟ್ ಕ್ಯೂರ್ ಹಿಮ್’ ಅನ್ನುವ ಒಂದು ವಾಕ್ಯ ನೆನಪಿಟ್ಟುಕೊಂಡರೆ ಎರಡೂ ಬೇರೆಯಾಗುತ್ತವೆ.

ಗಾಯಕ್ಕೆ ‘ಹೀಲ್’. ಕತ್ತಿ ತಾಗಿದ ಗಾಯ ತಾನಾಗಿ ಮಾಯುತ್ತದಲ್ಲ, ಆ ‘ಮಾಯುವುದು’ ಹೀಲ್. ‘ದ ವೂಂಡ್ ಕ್ಯೂರ್ಡ್’ ಅನ್ನುವುದು ತಪ್ಪು. ಹುಷಾರಾದವನ ಕಡೆಯಿಂದ ಹೇಳುವಾಗ ‘ರಿಕವರ್’: ‘ಐ ರಿಕವರ್ಡ್ ಫ್ರಮ್ ಫೀವರ್’. ನೆಗಡಿ ಕೆಮ್ಮಿಗೆ ಮನೆಯಲ್ಲಿ ಕಾಯಿಸುವ ಕಾಳುಮೆಣಸಿನ ಕಷಾಯ ‘ಹೋಮ್ ರೆಮಿಡಿ’. ಮಾತಿನಲ್ಲಿ ನಾವು ‘ಜ್ವರ ಕ್ಯೂರ್ ಆಯ್ತು’ ಅಂತೀವಿ. ಕನ್ನಡದೊಳಗೆ ಅದು ನಡೆಯುತ್ತದೆ. ಇಂಗ್ಲಿಷಿನಲ್ಲಿ ಸುಮ್ನೆ ‘ಐ ಆಮ್ ಬೆಟರ್ ನೌ’ ಅಂದರೆ ಚಂದ.

ಕೊಡಗಿನಲ್ಲಿ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಮದ್ದಿನ ಗುಣ ಸೇರುತ್ತದೆ ಅನ್ನುವ ನಂಬಿಕೆ. ಹೋಂಸ್ಟೇಗೆ ಬಂದವರಿಗೆ ಇದನ್ನು ‘ಕ್ಯೂರ್’ ಅಂತ ವಿವರಿಸುವವರಿದ್ದಾರೆ. ಬಂದ ಕಾಯಿಲೆಯನ್ನು ಓಡಿಸಲು ಯಾರೂ ಅದನ್ನು ತಿನ್ನುವುದಿಲ್ಲ, ಮಳೆಗಾಲದಲ್ಲಿ ಮೈ ಗಟ್ಟಿಯಾಗಿರಲಿ ಅಂತ ತಿನ್ನುವುದು. ‘ಮೆಡಿಸಿನಲ್ ಪ್ಲಾಂಟ್’ ಅಂದರೆ ಸಾಕು.

‘ಕ್ಯೂರ್’ ತೂಕದ ಪದ. ಟಿಬಿ ದಾಖಲೆಯಲ್ಲಿ ‘ಟ್ರೀಟ್‌ಮೆಂಟ್ ಕಂಪ್ಲೀಟೆಡ್’ ಮತ್ತು ‘ಕ್ಯೂರ್ಡ್’ ಅಂತ ಎರಡು ಬೇರೆ ಬೇರೆ ಮಾತುಗಳಿವೆ. ಮಾತ್ರೆ ಪೂರ್ತಿ ನುಂಗಿದರೆ ಮೊದಲನೆಯದು. ಕೊನೆಗೆ ಪರೀಕ್ಷೆಯಲ್ಲಿ ರೋಗಾಣು ಇಲ್ಲ ಅಂತ ಬಂದರೆ ಮಾತ್ರ ಎರಡನೆಯದು. ಸಕ್ಕರೆ ಕಾಯಿಲೆಗೆ ಡಾಕ್ಟರುಗಳು ‘ಕಂಟ್ರೋಲ್’ ಅನ್ನುತ್ತಾರೆ. ಅದನ್ನು ಕ್ಯೂರ್ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದನ್ನು 1954ರ ಕಾನೂನೊಂದು ತಡೆಯುತ್ತದೆ. ಔಷಧ ಮತ್ತು ಮಾಯಾ ಮದ್ದುಗಳ ಜಾಹೀರಾತಿಗೆ ಅಂತಲೇ ಮಾಡಿದ ಕಾನೂನು ಅದು.

ತೋಟದಲ್ಲೂ ಅಷ್ಟೇ. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದು ‘ಪ್ರಿವೆಂಟ್’, ರೋಗ ಬಾರದಂತೆ ತಡೆ. ಸೊರಗು ರೋಗ ಬೇರಿಗೆ ಇಳಿದ ಬಳ್ಳಿಗೆ ಹೊಡೆದು ಉಪಯೋಗ ಇಲ್ಲ. ಅಂಗಡಿಯ ಬಾಟಲಿಗಳ ಮೇಲೆ ‘ಪ್ರಿವೆಂಟಿವ್’, ‘ಕ್ಯುರೇಟಿವ್’ ಅಂತ ಬರೆದಿರುತ್ತದೆ, ನೋಡಿ ತನ್ನಿ. ಅರೇಬಿಕಾ ಗಿಡದ ಕಾಂಡದೊಳಗೆ ಬಿಳಿ ಕಾಂಡಕೊರಕ ಹೊಕ್ಕರೆ ಕಿತ್ತು ಸುಡುವುದೇ ದಾರಿ. ಇಂಗ್ಲಿಷಿನಲ್ಲಿ ಹೇಳುವುದಾದರೆ, ‘ದೇರ್ ಇಸ್ ನೋ ಕ್ಯೂರ್’.

ಸಣ್ಣ ಪದಗಳ ಜೋಡಿ

ನಾಮಪದವಾಗಿ ಬಂದರೆ ಮುಂದೆ ‘ಫಾರ್’: ‘ಎ ಕ್ಯೂರ್ ಫಾರ್ ಮಲೇರಿಯಾ’. ಕ್ರಿಯಾಪದವಾಗಿ, ಮನುಷ್ಯನನ್ನು ಹೇಳಿ ಆಮೇಲೆ ಕಾಯಿಲೆ ಹೇಳುವಾಗ ‘ಆಫ್’, ಒಂದೇ ಎಫ್ ಇರುವುದು: ‘ದ ಮೆಡಿಸಿನ್ ಕ್ಯೂರ್ಡ್ ಹರ್ ಆಫ್ ಮಲೇರಿಯಾ’. ‘ಕ್ಯೂರ್ಡ್ ಫ್ರಮ್’ ನಮ್ಮ ‘ಜ್ವರದಿಂದ’ ಅನ್ನುವುದರ ನೆರಳು, ಬಿಟ್ಟುಬಿಡಿ. ಮನುಷ್ಯನ ವಿಷಯದಲ್ಲಿ ಯಾರು, ಯಾರನ್ನು ಅಂತ ಎರಡೂ ಬೇಕು. ಕಾಂಕ್ರೀಟು, ಅಂಟುಗಳಿಗೆ ಆ ಕಟ್ಟು ಇಲ್ಲ: ‘ದ ಸ್ಲ್ಯಾಬ್ ಇಸ್ ಕ್ಯೂರಿಂಗ್’ ಅಂತ ತಾನಾಗಿಯೂ ಬರುತ್ತದೆ.

ಕೈಯಲ್ಲಿ ಕೂರಿಸಿ

ಈ ಐದು ವಾಕ್ಯಗಳಲ್ಲಿ ಖಾಲಿ ಜಾಗ ತುಂಬಿ. ಟ್ರೀಟ್, ಕ್ಯೂರ್, ಹೀಲ್, ರಿಕವರ್, ಈ ನಾಲ್ಕರಲ್ಲೇ ಉತ್ತರ ಇದೆ. ರೂಪ ಬದಲಾಗಬಹುದು.

1. ದ ಕಟ್ ಆನ್ ಮೈ ಫಿಂಗರ್ ___ ಇನ್ ಎ ವೀಕ್.
2. ಡೋಂಟ್ ವಾಕ್ ಆನ್ ದ ಸ್ಲ್ಯಾಬ್, ಇಟ್ ಇಸ್ ಸ್ಟಿಲ್ ___.
3. ದೇ ___ ಹಿಮ್ ಫಾರ್ ಟೂ ಮಂತ್ಸ್, ಬಟ್ ದ ಪೇನ್ ಡಿಡ್ ನಾಟ್ ಗೋ.
4. ದೇರ್ ಇಸ್ ನೋ ___ ಫಾರ್ ರೇಬೀಸ್ ಒನ್ಸ್ ದ ಸಿಂಪ್ಟಮ್ಸ್ ಬಿಗಿನ್.
5. ಮೈ ಗ್ರ್ಯಾಂಡ್‌ಮದರ್ ___ ಫ್ರಮ್ ಡೆಂಗ್ಯೂ.

ಉತ್ತರ ಕ್ರಮವಾಗಿ: ಹೀಲ್ಡ್, ಕ್ಯೂರಿಂಗ್, ಟ್ರೀಟೆಡ್, ಕ್ಯೂರ್, ರಿಕವರ್ಡ್. ಮೂರನೆಯದು ತಪ್ಪಿದರೆ ನನ್ನ ರಜಾ ಅರ್ಜಿ ನೆನಪಿಸಿಕೊಳ್ಳಿ.

ಆಮೇಲೆ ನಿಮ್ಮದೇ ವಾಕ್ಯ ಬರೆಯಿರಿ. ಪುಸ್ತಕದ ರಾಮ, ಸೀತೆ ಬೇಡ. ನಿಮ್ಮ ಮನೆ, ಕಣ, ಆಸ್ಪತ್ರೆ, ಅಂಗಡಿ ಬರಲಿ. ಎರಡು ವಾಕ್ಯ ಇವತ್ತು. ಮೂರು ದಿನ ಬಿಟ್ಟು ಹಳೆಯದನ್ನು ನೋಡದೆ ಇನ್ನೆರಡು. ವಾರ ಕಳೆದ ಮೇಲೆ ಒಂದು. ನಡುವೆ ಮರೆತರೆ ಹೆದರಬೇಡಿ. ಮರೆತದ್ದನ್ನು ತಡಕಾಡಿ ಎಳೆದು ತಂದಾಗಲೇ ಅದು ಗಟ್ಟಿಯಾಗುವುದು. ಬರೆದದ್ದನ್ನು ಯಾರಿಗಾದರೂ ಓದಿ ಹೇಳಿ, ಇಂಗ್ಲಿಷ್ ಬರುವವರೇ ಆಗಬೇಕೆಂದಿಲ್ಲ. ನಮ್ಮ ಹುಡುಗಿ ಅಜ್ಜಿಗೆ ಓದುತ್ತಿದ್ದಳು. ಅಜ್ಜಿ ಪ್ರತಿ ಸಲ ‘ಹಾಗಂದ್ರೆ?’ ಅನ್ನುತ್ತಿದ್ದರು. ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಈ ವರ್ಷ ಮೇ ಕೊನೆಗೆ ಅಕ್ಕನ ಮನೆಗೆ ತಾರಸಿ ಹಾಕಿದರು. ನಾಲ್ಕನೇ ದಿನ ಮಳೆ ಹಿಡಿಯಿತು, ಬಿಡಲೇ ಇಲ್ಲ. ಸಂಜೆ ಹುಡುಗಿ ಪುಸ್ತಕ ತಂದು ತೋರಿಸಿದಳು. ‘ದ ರೈನ್ ಇಸ್ ಕ್ಯೂರಿಂಗ್ ಅವರ್ ರೂಫ್’ ಅಂತ ಬರೆದಿದ್ದಳು. ಇ ಬಿಟ್ಟಿದ್ದಾಳಾ ಅಂತ ಹುಡುಕಿದೆ. ಇಂಗ್-ರೂಪದಲ್ಲಿ ಇ ಬರುವುದೇ ಇಲ್ಲ, ಆಮೇಲೆ ಹೊಳೆಯಿತು. ತಿದ್ದಲು ಏನೂ ಇರಲಿಲ್ಲ.